ಭಾನುವಾರ ಮಾತ್ರ ಸಾಯುವ ವೆಬ್‌ಸಾಕೆಟ್: ಸ್ಪ್ರಿಂಗ್ ವೆಬ್‌ಫ್ಲಕ್ಸ್ ಬಲ್ಲವರು ಸ್ವಲ್ಪ ನೋಡ್ತೀರಾ?

ವಾಕಡ್‌ವಾಸಿ:

ನಮಸ್ಕಾರ. ಊರು ವಿಜಯಪುರ, ಈಗ ಪುಣೆಯ ವಾಕಡ್‌ನಲ್ಲಿದ್ದೇನೆ. ಹಿಂಜವಡಿಯಲ್ಲಿ ಒಂದು ಚಿಕ್ಕ ಕಂಪನಿ, ನಾವು ಡೆವಲಪರ್‌ಗಳು ಮೂರೇ ಜನ. ಬೆಳಗಾವಿ, ಸಾಂಗ್ಲಿ ಕಡೆಯಿಂದ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ತರಕಾರಿ ತರುವ ಲಾರಿಗಳನ್ನು ನಕಾಶೆಯ ಮೇಲೆ ಓಡಿಸಿ ತೋರಿಸುವುದು ನಮ್ಮ ಕೆಲಸ. ಸರ್ವರ್ ಬರೆದಿರುವುದು ಜಾವಾ ಲೋಕದ ಸ್ಪ್ರಿಂಗ್ ವೆಬ್‌ಫ್ಲಕ್ಸ್‌ನಲ್ಲಿ, ಡೇಟಾ ಹೋಗುವುದು ವೆಬ್‌ಸಾಕೆಟ್‌ನಲ್ಲಿ, ಅಂದರೆ ಎರಡೂ ಕಡೆ ಮಾತಾಡಲು ತೆರೆದೇ ಇರುವ ಲೈನ್‌ನಲ್ಲಿ.

ಡ್ರೈವರ್ ಫೋನಿನಿಂದ 10 ಸೆಕೆಂಡಿಗೊಮ್ಮೆ ಜಾಗ ಬರುತ್ತದೆ. ಲಾರಿ ನಿಂತಿದ್ದರೆ ಬ್ಯಾಟರಿ ಉಳಿಸಲು ಏನೂ ಕಳಿಸುವುದಿಲ್ಲ. ಬಂದದ್ದನ್ನು ಒಂದು ಸಿಂಕ್‌ಗೆ (ಕೇಳುತ್ತಿರುವ ಎಲ್ಲರಿಗೂ ಹಂಚುವ ಜಾಗ) ಹಾಕುತ್ತೇವೆ. ಆಫೀಸಿನ ಬ್ರೌಸರ್‌ಗಳು ಅದೇ ಸಿಂಕ್‌ನ ಫ್ಲಕ್ಸ್‌ಗೆ (ಹರಿದು ಬರುವ ಡೇಟಾ ಸಾಲು) ಸಬ್‌ಸ್ಕ್ರೈಬ್ ಆಗುತ್ತವೆ. ಎದುರಿಗೆ, ಬ್ರೌಸರ್ ಮತ್ತು ಸರ್ವರ್ ನಡುವೆ, ಎಂಜಿನ್‌ಎಕ್ಸ್ ಪ್ರಾಕ್ಸಿ ಇದೆ.

ಸೋಮವಾರದಿಂದ ಶನಿವಾರದವರೆಗೆ ಒಂದು ತಕರಾರೂ ಇಲ್ಲ. ಭಾನುವಾರ ಮಧ್ಯಾಹ್ನ ಸಾಕೆಟ್ ಕಡಿದು ಬೀಳುತ್ತದೆ, ಬ್ರೌಸರ್‌ನಲ್ಲಿ 1006 ಕೋಡ್ (ಹೇಳದೆ ಕೇಳದೆ ಲೈನ್ ಹೋಯಿತು ಅಂತ). ತಾನೇ ಮತ್ತೆ ಕನೆಕ್ಟ್ ಆಗುತ್ತದೆ, ಸಾಕೆಟ್ ತೆರೆಯಿತು ಅನ್ನುವ 101 ಕೋಡ್ ಕೂಡ ಬರುತ್ತದೆ. ಆದರೆ ಮರುಕ್ಷಣವೇ ಮುಚ್ಚುತ್ತದೆ. ಮತ್ತೆ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಮಾತ್ರ ಸರಿ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಸದ್ಯ ಭಾನುವಾರ 3 ಗಂಟೆಗೆ ರೀಸ್ಟಾರ್ಟ್ ಮಾಡಲು ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿಟ್ಟಿದ್ದೇನೆ. ಬೈಯಬೇಡಿ.

ಡೊಂಬಿವಲಿ ಲೋಕಲ್:

ಬೈಯುವುದಿಲ್ಲ ಮಾರಾಯ್ರೆ, ನಾನೂ ಹಾಕಿದವನೇ.

ಭಾನುವಾರ ನಿಮ್ಮ ಲಾರಿಗಳು ಕಡಿಮೆ ಅಲ್ವಾ? ಅಂದರೆ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಯಾವ ಲಾರಿಯೂ ಮಾತಾಡದೆ ಇರಬಹುದು. ಎಂಜಿನ್‌ಎಕ್ಸ್‌ನ ಪ್ರಾಕ್ಸಿ ರೀಡ್ ಟೈಮ್‌ಔಟ್ ಮುಟ್ಟದೆ ಬಿಟ್ಟರೆ 60 ಸೆಕೆಂಡ್. ಅಷ್ಟು ಹೊತ್ತು ಹಿಂದಿನ ಸರ್ವರ್‌ನಿಂದ ಒಂದು ಬೈಟೂ ಬರದಿದ್ದರೆ ಅದು ಲೈನ್ ಕಡಿಯುತ್ತದೆ. ಕ್ಲೋಸ್ ಫ್ರೇಮ್ ಕಳಿಸುವ ಸೌಜನ್ಯವೂ ಇಲ್ಲ, ಅದಕ್ಕೇ 1006.

ಟೈಮ್‌ಔಟನ್ನು ಒಂದು ಗಂಟೆಗೆ ಏರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಬೇಡ. ಸತ್ತ ಕನೆಕ್ಷನ್‌ಗಳೂ ಗಂಟೆಗಟ್ಟಲೆ ಉಳಿದುಬಿಡುತ್ತವೆ. ಸರ್ವರ್‌ನಿಂದ 20 ಸೆಕೆಂಡಿಗೊಂದು ಪಿಂಗ್ ಫ್ರೇಮ್, ಅಂದರೆ "ಇದ್ದೀಯಾ?" ಅಂತ ಕೇಳುವ ಚಿಕ್ಕ ಸಂದೇಶ, ಕಳಿಸಿ. ಗಡಿಯಾರದಂತೆ ಟಿಕ್ ಕೊಡುವ ಫ್ಲಕ್ಸ್ ಇಂಟರ್ವಲ್ ತೆಗೆದುಕೊಂಡು, ಪ್ರತಿ ಸಲ ಸೆಷನ್‌ನ ಪಿಂಗ್ ಮೆಸೇಜ್ ಮಾಡಿ, ನಿಮ್ಮ ಡೇಟಾ ಫ್ಲಕ್ಸ್ ಜೊತೆ ಮರ್ಜ್ ಮಾಡಿ (ಎರಡನ್ನೂ ಒಂದೇ ಸಾಲಿಗೆ ಸೇರಿಸಿ) ಒಂದೇ ಸೆಂಡ್‌ಗೆ ಕೊಡಿ. ಎರಡು ಸಲ ಸೆಂಡ್ ಕರೆಯಬೇಡಿ. ಇಂಟರ್ವಲ್‌ಗೆ ಆನ್‌ಬ್ಯಾಕ್‌ಪ್ರೆಶರ್‌ಡ್ರಾಪ್ (ಎದುರಿನವ ತೆಗೆದುಕೊಳ್ಳದಿದ್ದರೆ ಬಿಟ್ಟುಬಿಡು ಅಂತ) ಹಚ್ಚಿ, ಇಲ್ಲದಿದ್ದರೆ ನಿಧಾನದ ಬ್ರೌಸರ್ ಒಂದು ಸಿಕ್ಕರೆ ಓವರ್‌ಫ್ಲೋ ಎರರ್. ಪಿಂಗ್‌ಗೆ ಪಾಂಗ್ ಅನ್ನುವ ಉತ್ತರ ಬ್ರೌಸರ್ ತಾನೇ ಕೊಡುತ್ತದೆ, ಆ ಕಡೆ ಕೋಡ್ ಬೇಡ.

ಮಡಗಾಂವ್ ಮಳೆ:

ಸುಮ್ನೆ ಕೇಳ್ತೀನಿ, ಡೇಟಾ ಒಂದೇ ಕಡೆ ಹೋಗುವುದಾದರೆ ವೆಬ್‌ಸಾಕೆಟ್ ಯಾಕೆ? ಸರ್ವರ್‌ನಿಂದ ಬ್ರೌಸರ್‌ಗೆ ಮಾತ್ರ ಕಳಿಸುವ ಸರ್ವರ್ ಸೆಂಟ್ ಇವೆಂಟ್ಸ್ ಸಾಕಿತ್ತು. ಬ್ರೌಸರ್ ತಾನೇ ಮತ್ತೆ ಕನೆಕ್ಟ್ ಆಗುತ್ತದೆ.

ವಾಕಡ್‌ವಾಸಿ:

ಆಫೀಸಿನವರು ಅದೇ ಸಾಕೆಟ್‌ನಲ್ಲಿ ಡ್ರೈವರ್‌ಗೆ "ಗೇಟ್ 4ಕ್ಕೆ ಬಾ" ಅಂತ ಕಳಿಸುತ್ತಾರೆ. ಅದಕ್ಕೇ ಎರಡೂ ಕಡೆ ಬೇಕು.

ಡೊಂಬಿವಲಿಯವರೆ, ಪಿಂಗ್ ಹಾಕಿದೆ. ಕೈ ಮುಗಿದೆ. ಭಾನುವಾರ ನೋಡಿ ಹೇಳುತ್ತೇನೆ.

ವಾಕಡ್‌ವಾಸಿ (ಭಾನುವಾರ ಸಂಜೆ):

ಈಗ ಇನ್ನೂ ವಿಚಿತ್ರ. ಮಧ್ಯಾಹ್ನ ಲೈನ್ ಕಡಿಯಲಿಲ್ಲ. 4 ಗಂಟೆಗೆ ಡ್ಯೂಟಿಯಲ್ಲಿದ್ದ ಹುಡುಗ ಪೇಜ್ ರಿಫ್ರೆಶ್ ಮಾಡಿದ. ಆಮೇಲೆ ಮೇಲಿನ ಹಸಿರು ದೀಪ ಉರಿಯುತ್ತಿದೆ, ಪಿಂಗ್ ಹೋಗುತ್ತಿದೆ, ಪಾಂಗ್ ಬರುತ್ತಿದೆ. ಆದರೆ ನಕಾಶೆಯ ಮೇಲೆ ಒಂದು ಲಾರಿಯೂ ಇಲ್ಲ. ಸಾಂಗ್ಲಿಯ ಟೊಮೆಟೊ ಲಾರಿ ಯಾರ್ಡ್‌ಗೆ ಬಂದು ಇಳಿಸಿ ಹೋದದ್ದೂ ನಮಗೆ ಗೊತ್ತಾಗಲಿಲ್ಲ. ಮೊದಲಿನದೇ ವಾಸಿ ಇತ್ತು ಅನ್ನಿಸುತ್ತಿದೆ, ಕೆಟ್ಟಿದ್ದಾದರೂ ಕಾಣುತ್ತಿತ್ತು.

ಪಿಂಪ್ರಿ ಕಾಕಾ:

ತಮ್ಮಾ, ಎರಡು ಪ್ರಶ್ನೆ. ಭಾನುವಾರ ಎಷ್ಟು ಟ್ಯಾಬ್ ತೆರೆದಿರುತ್ತವೆ? ಸಿಂಕ್ ಹೇಗೆ ಕಟ್ಟಿದ್ದೀಯಾ?

ವಾಕಡ್‌ವಾಸಿ:

ಕಾಕಾ, ಭಾನುವಾರ ಒಬ್ಬನೇ ಡ್ಯೂಟಿ, ಒಂದೇ ಟ್ಯಾಬ್. ಉಳಿದ ದಿನ ನಾಲ್ಕು. ಸಿಂಕ್ಸ್ ಮೆನಿ, ಮಲ್ಟಿಕಾಸ್ಟ್, ಆನ್‌ಬ್ಯಾಕ್‌ಪ್ರೆಶರ್‌ಬಫರ್. ಒಳಗೆ ಏನೂ ಕೊಟ್ಟಿಲ್ಲ, ಖಾಲಿ ಕಂಸ.

ಪಿಂಪ್ರಿ ಕಾಕಾ:

ಆ ಖಾಲಿ ಕಂಸದಲ್ಲೇ ಇದೆ. ಏನೂ ಕೊಡದಿದ್ದರೆ ಬಫರ್ 256, ಆಟೊ ಕ್ಯಾನ್ಸಲ್ ಟ್ರೂ. ಕೊನೆಯ ಸಬ್‌ಸ್ಕ್ರೈಬರ್ ಹೋದ ತಕ್ಷಣ ಸಿಂಕ್ ಅಂಗಡಿ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ನಿನ್ನ ಮನೆಯಲ್ಲಿ ಭಾನುವಾರದ ಆ ಒಬ್ಬನೇ ಮೊದಲನೆಯವ, ಅವನೇ ಕೊನೆಯವ. ಅವನ ಲೈನ್ ಹೋದರೆ ಕಥೆ ಮುಗಿಯಿತು. ಬೇರೆ ದಿನ ಒಬ್ಬ ರಿಫ್ರೆಶ್ ಮಾಡಿದರೂ ಮೂವರು ಹಿಡಿದುಕೊಂಡಿರುತ್ತಾರೆ.

ಮೊದಲು ಏನಾಗುತ್ತಿತ್ತು ನೋಡು. ಹೊಸ ಸಬ್‌ಸ್ಕ್ರೈಬರ್‌ಗೆ ಮುಚ್ಚಿದ ಸಿಂಕ್ ನೇರ ಕಂಪ್ಲೀಟ್ ಕೊಡುತ್ತಿತ್ತು. ಸೆಂಡ್ ಮುಗಿಯಿತು, ಹ್ಯಾಂಡ್ಲರ್‌ನ ಮೋನೊ (ಕೆಲಸ ಮುಗಿದಾಗ ತಿಳಿಸುವ ವಸ್ತು) ಮುಗಿಯಿತು, ಹಾಗಾಗಿ ವೆಬ್‌ಫ್ಲಕ್ಸ್ ಸಾಕೆಟ್ ಮುಚ್ಚಿತು. ಎಲ್ಲ ನಿಯಮದ ಪ್ರಕಾರವೇ, ಅದಕ್ಕೇ ಎರರ್ ಇಲ್ಲ. ಈಗ ಮರ್ಜ್ ಮಾಡಿದ್ದೀಯಾ. ಡೇಟಾ ಮುಗಿದರೂ ಪಿಂಗ್ ಇಂಟರ್ವಲ್ ಮುಗಿಯುವುದಿಲ್ಲ, ಮರ್ಜ್ ಕೂಡ ಮುಗಿಯುವುದಿಲ್ಲ. ಹೆಣಕ್ಕೆ ನಾಡಿ ಬಡಿಯುವಂತೆ ಮಾಡಿದೆ. ಪಿಂಗ್ ಸಲಹೆ ತಪ್ಪಲ್ಲ, ಇರಲಿ. ಡೇಟಾ ಮುಗಿದಾಗ ಪಿಂಗೂ ನಿಲ್ಲುವಂತೆ ಟೇಕ್‌ಅಂಟಿಲ್‌ಅದರ್ ಹಾಕು.

ಇನ್ನೊಂದು. ಸಿಂಕ್‌ಗೆ ಡೇಟಾ ಹಾಕುವ ಟ್ರೈಎಮಿಟ್‌ನೆಕ್ಸ್ಟ್ ಏನನ್ನೋ ವಾಪಸ್ ಕೊಡುತ್ತದೆ. ನೀನು ಅದನ್ನು ನೋಡುತ್ತಲೇ ಇಲ್ಲ ಅಂತ ನನ್ನ ಊಹೆ.

ವಾಕಡ್‌ವಾಸಿ:

ನೋಡುತ್ತಿರಲಿಲ್ಲ. ಈಗ ಲಾಗ್ ಮಾಡಿದೆ. ನನ್ನ ಒಂದೇ ಟ್ಯಾಬ್ ಮುಚ್ಚಿದ ಕೂಡಲೇ ಸಾಲುಸಾಲಾಗಿ ಫೇಲ್ ಕ್ಯಾನ್ಸಲ್ಡ್, ಫೇಲ್ ಕ್ಯಾನ್ಸಲ್ಡ್. ಇಷ್ಟು ದಿನ ಅದು ಕೂಗಿ ಹೇಳುತ್ತಿತ್ತು, ನಾನೇ ಕಿವಿ ಕೊಡಲಿಲ್ಲ. ನಡುವೆ ಅಲ್ಲೊಂದು ಇಲ್ಲೊಂದು ಫೇಲ್ ನಾನ್ ಸೀರಿಯಲೈಸ್ಡ್ ಕೂಡ ಇದೆ.

ಆಟೊ ಕ್ಯಾನ್ಸಲ್ ಫಾಲ್ಸ್ ಮಾಡಿದರೆ ಸಾಕಾ ಕಾಕಾ?

ಪಿಂಪ್ರಿ ಕಾಕಾ:

ಸಾಯುವುದಿಲ್ಲ, ಆದರೆ ನಿನಗೆ ಅದು ಹೊಂದುವುದಿಲ್ಲ. ಆ ಬಗೆಯ ಸಿಂಕ್‌ನಲ್ಲಿ ಎಲ್ಲರಿಗಿಂತ ನಿಧಾನದವನ ನಡಿಗೆಗೆ ಎಲ್ಲರೂ ಕಾಯಬೇಕು. ಒಬ್ಬನ ವೈಫೈ ಕುಂಟಿದರೆ ನಾಲ್ಕೂ ನಕಾಶೆ ಕುಂಟುತ್ತವೆ. ಲಾರಿಯ ಹಳೆಯ ಜಾಗ ಯಾರಿಗೆ ಬೇಕು? ಡೈರೆಕ್ಟ್ ಬೆಸ್ಟ್ ಎಫರ್ಟ್ ತಗೋ. ಹಿಂದೆ ಬಿದ್ದವನಿಗೆ ಮಾತ್ರ ತಪ್ಪುತ್ತದೆ, ಯಾರೂ ಇಲ್ಲದಿದ್ದರೂ ಸಿಂಕ್ ಬದುಕಿರುತ್ತದೆ. ಪ್ರತಿ ಸೆಷನ್‌ಗೆ ಅದರದೇ ಚಿಕ್ಕ ಬಫರ್ ಕೊಟ್ಟು, ತುಂಬಿದರೆ ಹಳೆಯದನ್ನು ಎಸೆ. ಹೊಸ ಟ್ಯಾಬ್ ತೆರೆದಾಗ ಖಾಲಿ ನಕಾಶೆ ಕಾಣಬಾರದಲ್ಲ, ಲಾರಿಗೊಂದರಂತೆ ಕೊನೆಯ ಜಾಗವನ್ನು ಕೋಡಿನೊಳಗೆ ಒಂದು ಮ್ಯಾಪ್‌ನಲ್ಲಿಟ್ಟು (ನಕಾಶೆಯಲ್ಲ, ಹೆಸರು ಕೊಟ್ಟರೆ ಬೆಲೆ ಕೊಡುವ ಪಟ್ಟಿ) ಮೊದಲು ಅದನ್ನು ಕಳಿಸು.

ನಾನ್ ಸೀರಿಯಲೈಸ್ಡ್ ಅಂದರೆ ಎರಡು ಥ್ರೆಡ್ ಒಟ್ಟಿಗೆ ನುಗ್ಗಿವೆ. ಎಮಿಟ್‌ನೆಕ್ಸ್ಟ್ ಬಳಸಿ, ಸ್ವಲ್ಪ ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುವ ಬ್ಯುಸಿ ಲೂಪಿಂಗ್ ಹ್ಯಾಂಡ್ಲರ್ ಕೊಡು.

ಡೊಂಬಿವಲಿ ಲೋಕಲ್:

ಕಾಕಾ, ನಾನು ಪಿಂಗ್ ಹೇಳಿ ರೋಗ ಮುಚ್ಚಿಹಾಕಿದೆ, ಒಪ್ಪಿದೆ. ವಾಕಡ್‌ನವರೆ, ಲಾರಿ ಕಡೆಗೂ ಪಿಂಗ್ ಹಾಕಿ. ಸತಾರಾ ದಾರಿಯ ಖಂಬಾಟ್ಕಿ ಘಾಟ್‌ನಲ್ಲಿ ನೆಟ್ ಹೋದರೆ ಫೋನ್ ವಿದಾಯ ಹೇಳಿ ಹೋಗುವುದಿಲ್ಲ. ಸರ್ವರ್ ಇನ್ನೂ ಇದೆ ಅಂತಲೇ ಕಾಯುತ್ತದೆ. ಬರುವ ಸಂದೇಶ ಓದುವ ರಿಸೀವ್ ಮೇಲೆ 60 ಸೆಕೆಂಡ್ ಟೈಮ್‌ಔಟ್ ಇಡಿ. ನಿಂತ ಲಾರಿ ಡೇಟಾ ಕಳಿಸದಿದ್ದರೂ ಪಾಂಗ್ ಬರುತ್ತದಲ್ಲ, ಅದೂ ರಿಸೀವ್‌ನಲ್ಲೇ ಬರುತ್ತದೆ. ಟೈಪ್ ನೋಡಿ ಪಾಂಗ್ ಬಿಡುವ ಫಿಲ್ಟರ್ ಟೈಮ್‌ಔಟ್‌ನ ಕೆಳಗಿರಲಿ, ಮೇಲಲ್ಲ. ನಾನು ಮೇಲಿಟ್ಟು ನಿಂತ ಗಾಡಿಗಳನ್ನೆಲ್ಲ ಒಂದು ರಾತ್ರಿ ಹೊರಗೆ ಹಾಕಿದ್ದೆ.

ವಾಕಡ್‌ವಾಸಿ:

ಎಲ್ಲ ಮಾಡಿದೆ, ಎರಡು ಭಾನುವಾರ ಕಳೆಯಿತು. ನಿನ್ನೆ ಡ್ಯೂಟಿ ಹುಡುಗನಿಗೆ ಬೇಕಂತಲೇ ಹತ್ತು ಸಲ ರಿಫ್ರೆಶ್ ಒತ್ತಲು ಹೇಳಿದೆ. ಹತ್ತನೆಯ ಸಲವೂ ಬೆಳಗಾವಿಯ ಎಲೆಕೋಸು ಕಾತ್ರಜ್ ದಾಟಿ ಬರುತ್ತಿರುವುದು ಕಾಣುತ್ತಿತ್ತು. 3 ಗಂಟೆಯ ಕ್ರಾನ್ ಇವತ್ತು ಬೆಳಿಗ್ಗೆ ತೆಗೆದೆ.