ಓಡುವಾಗ ಗೇರ್ ಇಂಡಿಕೇಟರ್ ಮಾಯ: ಸಣ್ಣ ಕಾರು, ಮ್ಯಾನುಯಲ್ ಗೇರ್

ಕಾಫಿತೋಟ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು 2018ರ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್, ಐದು ಗೇರ್, ಮ್ಯಾನುಯಲ್. ಮೀಟರ್ ಬೋರ್ಡ್ ನಡುವಿನ ಚಿಕ್ಕ ಡಿಸ್‌ಪ್ಲೇನಲ್ಲಿ ಯಾವ ಗೇರ್‌ನಲ್ಲಿದ್ದೇವೆ ಅನ್ನುವ ಅಂಕಿ ಬರುತ್ತಿತ್ತು. ಪಕ್ಕದಲ್ಲೇ ಗೇರ್ ಏರಿಸಿ ಅಥವಾ ಇಳಿಸಿ ಅಂತ ಒಂದು ಬಾಣ. ಈಗ ಎರಡೂ ಸರಿಯಾಗಿ ಬರುತ್ತಿಲ್ಲ. ಮೊದಮೊದಲು ಬಂದು ಹೋಗಿ ಮಾಡುತ್ತಿತ್ತು. ಈಗ ಹೆಚ್ಚು ಹೊತ್ತು ಖಾಲಿಯೇ ಇರುತ್ತದೆ. ಸ್ಪೀಡೋಮೀಟರ್, ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತುತ್ತಿದೆ ಅನ್ನುವುದು), ಪೆಟ್ರೋಲ್ ಮುಳ್ಳು, ಟ್ರಿಪ್ ಎಲ್ಲವೂ ಸರಿ ಇವೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಮೀಟರ್ ಬೋರ್ಡ್ ಪೂರ್ತಿ ಬದಲಿಸಬೇಕು ಅಂದರು. ಅಷ್ಟು ದುಡ್ಡು ಹಾಕುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ. ಈಚೆಗೆ ಟೈರ್ ಬದಲಿಸಿದ್ದೇನೆ. ಮೊದಲು 165/80 ಆರ್14 ಇತ್ತು, ಅಂಗಡಿಯಲ್ಲಿ 175/65 ಆರ್14 ಸಿಕ್ಕಿತು, ಅದನ್ನೇ ಹಾಕಿಸಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಕಡಲದಾರಿ (ಮಂಗಳೂರು)

ಸರ್, ನನಗೆ ಟೈರ್ ಮೇಲೇ ಅನುಮಾನ. ಸೈಜ್ ಬದಲಾದರೆ ಸ್ಪೀಡ್ ಲೆಕ್ಕ ತಪ್ಪುತ್ತದೆ. ಸ್ಪೀಡ್ ತಪ್ಪಿದರೆ ಗೇರ್ ಲೆಕ್ಕವೂ ತಪ್ಪಲೇಬೇಕು ಅಲ್ವಾ? ಹಳೆ ಸೈಜ್ ಟೈರ್ ಹಾಕಿ ನೋಡಿ.

ತಾಮ್ರದತಂತಿ (ಹಾಸನ, ಆಟೋ ಎಲೆಕ್ಟ್ರಿಕಲ್ ಕೆಲಸ)

ಕಾಫಿತೋಟ ಅವರೇ, ಸದ್ಯಕ್ಕೆ ಮೀಟರ್ ಬೋರ್ಡ್ ಬದಲಿಸಬೇಡಿ. ಟೈರನ್ನೂ ಈ ಕಾರಣಕ್ಕೆ ಬಿಚ್ಚಬೇಡಿ. ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡೋಣ, ಆಗ ಹುಡುಕುವ ಜಾಗ ತುಂಬಾ ಕಡಿಮೆಯಾಗುತ್ತದೆ.

ಗೇರ್‌ಬಾಕ್ಸ್ ಒಳಗೆ ಒಂದು ಸೆನ್ಸರ್ ಕೂತು "ಈಗ ಮೂರನೇ ಗೇರ್" ಅಂತ ಹೇಳುತ್ತದೆ ಅಂದುಕೊಳ್ಳುವವರು ಜಾಸ್ತಿ. ಹೆಚ್ಚಿನ ಸಣ್ಣ ಮ್ಯಾನುಯಲ್ ಕಾರುಗಳಲ್ಲಿ ಅಂಥ ಸೆನ್ಸರೇ ಇರುವುದಿಲ್ಲ. ರಿವರ್ಸ್ ಲೈಟ್‌ಗೆ ಒಂದು ಸ್ವಿಚ್ ಇರುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರಾದರೆ ನ್ಯೂಟ್ರಲ್‌ಗೆ ಒಂದು ಇರುತ್ತದೆ. ಒಂದರಿಂದ ಐದರವರೆಗಿನ ಗೇರನ್ನು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಲೆಕ್ಕ ಹಾಕಿಯೇ ತಿಳಿಯುತ್ತದೆ. ಎಂಜಿನ್ ಎಷ್ಟು ಸುತ್ತುತ್ತಿದೆ, ಚಕ್ರ ಎಷ್ಟು ಸುತ್ತುತ್ತಿದೆ ಅಂತ ನೋಡಿ ಒಂದರಿಂದ ಇನ್ನೊಂದನ್ನು ಭಾಗಿಸುತ್ತದೆ. ಬಂದ ಸಂಖ್ಯೆ ಯಾವ ಗೇರಿಗೆ ಹೊಂದುತ್ತದೋ ಆ ಅಂಕಿ ತೋರಿಸುತ್ತದೆ.

ನಿಮ್ಮಂಥ ಕಾರು 60 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗುವಾಗ ಮೂರನೇ ಗೇರಲ್ಲಿ ಸುಮಾರು 2800 ಆರ್‌ಪಿಎಂ ಇರುತ್ತದೆ. ನಾಲ್ಕರಲ್ಲಿ 2100, ಐದರಲ್ಲಿ 1700ರ ಹತ್ತಿರ. ಕಾರಿನಿಂದ ಕಾರಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಆದರೆ ಒಂದು ಗೇರಿಗೂ ಇನ್ನೊಂದಕ್ಕೂ ಇಷ್ಟು ಅಂತರ ಇರುವುದರಿಂದ ಲೆಕ್ಕ ಗೊಂದಲ ಆಗುವುದಿಲ್ಲ.

ಈಗ ಟೈರ್ ವಿಷಯ. ಕಡಲದಾರಿಯವರು ಹೇಳಿದ್ದರಲ್ಲಿ ಅರ್ಧ ಸರಿ. 165/80 ಆರ್14 ಟೈರ್ ಒಂದು ಸುತ್ತಿಗೆ ಸುಮಾರು 1.95 ಮೀಟರ್ ಹೋಗುತ್ತದೆ. 175/65 ಆರ್14 ಹೋಗುವುದು ಸುಮಾರು 1.83 ಮೀಟರ್. ಅಂದರೆ ಹತ್ತಿರ ಹತ್ತಿರ ನೂರಕ್ಕೆ ಆರು ಕಡಿಮೆ. ಹಾಗಾಗಿ ನಿಮ್ಮ ಸ್ಪೀಡೋಮೀಟರ್ ಈಗ ಮೊದಲಿಗಿಂತ ಜಾಸ್ತಿ ತೋರಿಸುತ್ತಿದೆ, ಓಡಿದ ಕಿಲೋಮೀಟರ್ ಕೂಡ ಜಾಸ್ತಿ ಬೀಳುತ್ತಿದೆ. ಆದರೆ ಇಸಿಯು ನೋಡುವುದು ಚಕ್ರದ ಸುತ್ತನ್ನು ಮಾತ್ರ, ರಸ್ತೆಯ ಉದ್ದವನ್ನಲ್ಲ. ಮೂರನೇ ಗೇರಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತಬೇಕೋ ಅಷ್ಟೇ ಸುತ್ತುತ್ತದೆ, ಟೈರ್ ದೊಡ್ಡದಿರಲಿ ಚಿಕ್ಕದಿರಲಿ. ಆದ್ದರಿಂದ ಗೇರ್ ಅಂಕಿ ಮಾಯವಾಗಲು ಟೈರ್ ಕಾರಣ ಆಗಲಾರದು. ಮುಂದಿನ ಸಲ ಟೈರ್ ಹಾಕಿಸುವಾಗ ಮಾತ್ರ ಹಳೆ ಸೈಜಿಗೇ ಹೋಗಿ. ಘಟ್ಟದ ಕಡೆ ಓಡಾಡುವ ಗಾಡಿ, ನೆಲದಿಂದ ಇರುವ ಎತ್ತರ ಸುಮ್ನೆ ಕಳೆದುಕೊಳ್ಳಬಾರದು.

ಹಾಗಾದರೆ ಇನ್ನೇನು? ಈ ಲೆಕ್ಕಕ್ಕೆ ಮೂರನೇ ಮಾಹಿತಿ ಒಂದು ಬೇಕು. ಕ್ಲಚ್ ಒತ್ತಿದೆಯೋ ಬಿಟ್ಟಿದೆಯೋ ಅನ್ನುವುದು. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ, ಆಗ ಭಾಗಿಸಿದರೆ ಅರ್ಥವಿಲ್ಲ. ಹಾಗಾಗಿ ಇಸಿಯು ಅಂಕಿಯನ್ನೇ ತೆಗೆದುಬಿಡುತ್ತದೆ. ಈಗ ಕ್ಲಚ್ ಪೆಡಲ್‌ನ ಸ್ವಿಚ್ ಕೆಟ್ಟು, ಕಾಲು ತೆಗೆದರೂ "ಒತ್ತಿದೆ, ಒತ್ತಿದೆ" ಅಂತಲೇ ಹೇಳುತ್ತಿದ್ದರೆ? ಡಿಸ್‌ಪ್ಲೇ ಖಾಲಿ. ನೀವು ಹೇಳುತ್ತಿರುವುದು ಥೇಟ್ ಹಾಗೇ ಇದೆ.

ಎರಡು ಪ್ರಶ್ನೆಗೆ ಉತ್ತರ ಕೊಡಿ. ಅಂಕಿ ಹೋಗುವುದು ಏರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರವೋ, ಸಮತಟ್ಟಿನಲ್ಲೂ ಹೋಗುತ್ತದೋ? ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಅಥವಾ ಕ್ರೂಸ್ ಕಂಟ್ರೋಲ್ ಇದ್ದರೆ ಅದು ಈಗ ಕೆಲಸ ಮಾಡುತ್ತಿದೆಯಾ?

ಕಾಫಿತೋಟ

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ ಸರ್, ಧನ್ಯವಾದ. ಏರು, ಸಮತಟ್ಟು ಎರಡರಲ್ಲೂ ಹೋಗುತ್ತದೆ. ಶಿರಾಡಿ ಘಾಟಿ ಇಳಿಯುವಾಗಲೂ ಖಾಲಿಯೇ. ಕ್ರೂಸ್ ಇಲ್ಲ. ಎಂಜಿನ್ ತಾನೇ ಆಫ್ ಆಗುವುದು ಇದೆ. ನೀವು ಕೇಳಿದ ಮೇಲೆ ಗಮನಿಸಿದೆ, ಅದೂ ಆಗುತ್ತಿಲ್ಲ! ಬ್ಯಾಟರಿ ಹಳೆಯದಾಗಿದೆ, ಅದಕ್ಕೇ ಇರಬೇಕು ಅಂದುಕೊಂಡು ಬಿಟ್ಟಿದ್ದೆ. ಏರಿನ ವಿಷಯ ಯಾಕೆ ಕೇಳಿದಿರಿ?

ತಾಮ್ರದತಂತಿ

ಕ್ಲಚ್ ಪ್ಲೇಟ್ ಸವೆದಿದ್ದರೂ ಇದೇ ಲಕ್ಷಣ ಬರಬಹುದು, ಅದಕ್ಕೆ ಕೇಳಿದೆ. ಪ್ಲೇಟ್ ಜಾರಿದಾಗ ಎಂಜಿನ್ ಸುತ್ತು ಏರುತ್ತದೆ, ಚಕ್ರದ ಸುತ್ತು ಏರುವುದಿಲ್ಲ. ಬಂದ ಸಂಖ್ಯೆ ಯಾವ ಗೇರಿಗೂ ಹೊಂದುವುದಿಲ್ಲ. ಆದರೆ ಅದು ಭಾರ ಬಿದ್ದಾಗ, ಅಂದರೆ ಏರಿನಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಕಾಣುತ್ತದೆ. ಅನುಮಾನ ಇದ್ದರೆ ಖಾಲಿ ಏರುರಸ್ತೆಯಲ್ಲಿ ನಾಲ್ಕನೇ ಗೇರಲ್ಲಿ 50ರ ಹತ್ತಿರ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಸರ್ರನೆ ಮೇಲೆ ಹೋಗಿ ಗಾಡಿ ಎಳೆಯದೇ ಇದ್ದರೆ ಪ್ಲೇಟ್ ಮುಗಿದಿದೆ. ನಿಮ್ಮದು ಇಳಿಜಾರಿನಲ್ಲೂ ಹೋಗುತ್ತದೆ ಅಂದಿದ್ದೀರಿ. ಜೊತೆಗೆ ಎಂಜಿನ್ ಆಫ್ ಆಗುವುದೂ ನಿಂತಿದೆ, ಅದಕ್ಕೂ ಕ್ಲಚ್ ಸ್ವಿಚ್ ಬೇಕೇ ಬೇಕು. ಬ್ಯಾಟರಿ ಇಳಿದಿದ್ದರೂ ಅದು ನಿಲ್ಲುತ್ತದೆ ನಿಜ. ಆದರೆ ಬ್ಯಾಟರಿಯಿಂದ ಗೇರ್ ಅಂಕಿ ಮಾತ್ರ ಹೋಗುವುದಿಲ್ಲ. ಎರಡಕ್ಕೂ ಸೇರಿದ ಒಂದೇ ಕಾರಣ ಪೆಡಲ್ ಹತ್ತಿರ ಇದೆ.

ನೋಡುವುದು ಹೀಗೆ. ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದುಬಿಡಿ. ಡ್ರೈವರ್ ಸೀಟ್ ಪೂರ್ತಿ ಹಿಂದಕ್ಕೆ ತಳ್ಳಿ. ತಲೆ ತೂರಿಸಿ ಒದ್ದಾಡುವ ಬದಲು ಮೊಬೈಲ್ ಟಾರ್ಚ್ ಹಾಕಿ, ವಿಡಿಯೋ ಆನ್ ಮಾಡಿ, ಕ್ಲಚ್ ಪೆಡಲ್ ಕೆಳಗೆ ಮೇಲ್ಮುಖವಾಗಿ ಇಡಿ. ಪೆಡಲ್ ನಿಧಾನವಾಗಿ ಒತ್ತಿ ಬಿಡಿ. ಪೆಡಲ್ ಕಂಬಿಯ ಮೇಲ್ತುದಿಯಲ್ಲಿ, ಬ್ರಾಕೆಟ್ಟಿಗೆ ಕೂರಿಸಿದ ಸಣ್ಣ ಸ್ವಿಚ್ ಕಾಣುತ್ತದೆ. ಅದರಿಂದ ಒಂದು ಕಡ್ಡಿ ಹೊರಗೆ ಚಾಚಿರುತ್ತದೆ, ಅದೇ ಪ್ಲಂಜರ್. ಕಾಲು ತೆಗೆದಾಗ ಪೆಡಲ್ ಮೇಲೆ ಬಂದು ಆ ಕಡ್ಡಿಯನ್ನು ಒಳಕ್ಕೆ ತಳ್ಳಬೇಕು. ಕಡ್ಡಿ ತಾಗುವ ಜಾಗದಲ್ಲಿ ಪೆಡಲ್‌ಗೆ ಒಂದು ತೂತು ಇರುತ್ತದೆ, ಆ ತೂತಿಗೆ ಅಣಬೆ ಆಕಾರದ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಟಾಪರ್ ಹಾಕಿರುತ್ತಾರೆ. ವರ್ಷ ಕಳೆದಂತೆ ಅದು ಒಣಗಿ ಪುಡಿಯಾಗುತ್ತದೆ. ಆಗ ಕಡ್ಡಿ ತೂತಿನೊಳಗೆ ತೂರಿಬಿಡುತ್ತದೆ, ಸ್ವಿಚ್ ಒತ್ತುವುದೇ ಇಲ್ಲ. ಕಾಲಡಿಯ ಮ್ಯಾಟ್ ಎತ್ತಿ ನೋಡಿ, ಚೂರು ಬಿದ್ದಿದ್ದರೆ ಅರ್ಧ ಕೆಲಸ ಮುಗಿಯಿತು.

ಸ್ಟಾಪರ್ ಗಟ್ಟಿಯಾಗಿದ್ದರೆ ಮಲ್ಟಿಮೀಟರ್ ತನ್ನಿ. ಸ್ವಿಚ್‌ನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ತೆಗೆದು, ಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ, ಎರಡು ಪಿನ್‌ಗೆ ಹಿಡಿದು ಕಡ್ಡಿ ಒತ್ತಿ ಬಿಡಿ. ಕೆಲವು ಸ್ವಿಚ್ ಒತ್ತಿದಾಗ ಬೀಪ್ ಕೊಡುತ್ತವೆ, ಕೆಲವು ಬಿಟ್ಟಾಗ. ಯಾವುದೇ ಆಗಲಿ, ಬದಲಾಗಬೇಕು. ಬದಲಾಗದಿದ್ದರೆ ಸ್ವಿಚ್ ಹೋಗಿದೆ. ಕೆಲವು ಕಾರಿಗೆ ಕೆಳಗೊಂದು ಎರಡನೇ ಸ್ವಿಚ್ ಇರುತ್ತದೆ. ಅದು ಕ್ಲಚ್ ಪೂರ್ತಿ ಒತ್ತಿದರೆ ಮಾತ್ರ ಸ್ಟಾರ್ಟ್ ಆಗಲಿ ಅಂತ. ನಮಗೆ ಬೇಕಾದ್ದು ಮೇಲಿನದು.

ಒಂದು ಎಚ್ಚರಿಕೆ. ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಕಪ್ಲರ್ ಅಥವಾ ಹಳದಿ ಹೊದಿಕೆಯ ವೈರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗ್‌ನದು. ಇನ್ನೊಂದು, ಒಂದೇ ಸ್ವಿಚ್ ಇರುವ ಕಾರಾದರೆ ಈಗ ಕ್ಲಚ್ ಒತ್ತದೆಯೂ ಸ್ಟಾರ್ಟ್ ಆಗಬಹುದು. ಗೇರಲ್ಲಿ ನಿಲ್ಲಿಸಿ ಮರೆತು ಕೀ ತಿರುಗಿಸಿದರೆ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಸರಿಯಾಗುವವರೆಗೂ ಮನೆಯಲ್ಲಿ ಬೇರೆಯವರಿಗೆ ಕೀ ಕೊಡುವಾಗ ಇದನ್ನು ಹೇಳಿ.

ಕಡಲದಾರಿ

ಚಕ್ರದ ಸುತ್ತಿನ ಲೆಕ್ಕ ಈಗ ಅರ್ಥವಾಯಿತು. ಒಂದು ಕುತೂಹಲ ಸರ್. ಈ ಬಾಣ ಇಲ್ಲದೆಯೂ ಗಾಡಿ ಓಡುತ್ತದೆ. ಇದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ತಾಮ್ರದತಂತಿ

ಬಾಣಕ್ಕಾಗಿ ಮಾತ್ರ ಆದರೆ ಬೇಡ. ಅದು ಪೆಟ್ರೋಲ್ ಉಳಿಸಲು ಕೊಟ್ಟ ಸಲಹೆ. ಯುರೋಪಿಯನ್ ಒಕ್ಕೂಟದಲ್ಲಿ 2012ರ ನವೆಂಬರ್‌ನಿಂದ ಹೊಸ ಮಾದರಿಯ ಮ್ಯಾನುಯಲ್ ಕಾರುಗಳಿಗೆ, 2014ರ ನವೆಂಬರ್‌ನಿಂದ ಮಾರಾಟವಾಗುವ ಹೊಸ ಮ್ಯಾನುಯಲ್ ಕಾರುಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿದರು. ನಮ್ಮಲ್ಲೂ ಹಲವು ಸಣ್ಣ ಕಾರುಗಳಲ್ಲಿ ಬರುತ್ತದೆ. ತುಂಬಿದ ಗಾಡಿಯಲ್ಲಿ ಘಾಟಿ ಹತ್ತುವಾಗ ಬಾಣ ಏನೇ ಹೇಳಲಿ, ನಿಮ್ಮ ಕಿವಿ ಹೇಳಿದಂತೆ ಗೇರ್ ಹಾಕಿ. ಆದರೆ ಕ್ಲಚ್ ಸ್ವಿಚ್ ಸುಳ್ಳು ಹೇಳುತ್ತಿದೆ ಅಂದರೆ ಅದನ್ನು ಬಿಡಬಾರದು. ಎಂಜಿನ್ ನಡೆಸುವ ಬೇರೆ ಲೆಕ್ಕಗಳೂ ಅದನ್ನು ನಂಬಿರುತ್ತವೆ.

ಕಾಫಿತೋಟ

ಸಿಕ್ಕಿತು ಸರ್! ಮ್ಯಾಟ್ ಎತ್ತಿದೆ. ಅಂಚಿನಲ್ಲಿ ಬಿಳಿ ಬಣ್ಣದ ಪ್ಲಾಸ್ಟಿಕ್ ಚೂರುಗಳು, ಬೆರಳಲ್ಲಿ ಒತ್ತಿದರೆ ಪುಡಿ ಪುಡಿ. ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಸ್ಟಾಪರ್‌ನ ಅರ್ಧ ಭಾಗ ಓರೆಯಾಗಿ ತೂತಿನಲ್ಲಿ ಸಿಕ್ಕಿಕೊಂಡಿದೆ, ಕಡ್ಡಿ ಅದರ ಪಕ್ಕದಿಂದ ಒಳಗೆ ಹೋಗುತ್ತಿದೆ. ಅದಕ್ಕೇ ಮೊದಮೊದಲು ಬಂದು ಹೋಗಿ ಆಗುತ್ತಿತ್ತು ಅನ್ನಿಸುತ್ತದೆ. ಇಲ್ಲಿ ಬಿಡಿಭಾಗದ ಅಂಗಡಿಯಲ್ಲಿ ಈ ಸ್ಟಾಪರ್ ಇಲ್ಲ, ತರಿಸಬೇಕು. ನಮ್ಮ ಮೆಕ್ಯಾನಿಕ್ ಒಂದು ಬೋಲ್ಟ್ ಹಾಕಿ ನಟ್ ಬಿಗಿದುಬಿಡೋಣ ಅನ್ನುತ್ತಾರೆ. ಆಗಬಹುದಾ?

ತಾಮ್ರದತಂತಿ

ಸ್ಟಾಪರ್ ಬರುವವರೆಗೆ ಆಗಬಹುದು. ತಲೆ ಚಪ್ಪಟೆ ಇರುವ, ನುಣುಪಾದ ಬೋಲ್ಟ್ ಹಾಕಿಸಿ. ಅದನ್ನೇ ಕಾಯಂ ಮಾಡಬೇಡಿ, ಕಬ್ಬಿಣ ಬಡಿದು ಬಡಿದು ಪ್ಲಂಜರ್ ತುದಿ ಸವೆಯುತ್ತದೆ.

ಹೊಸ ಸ್ಟಾಪರ್ ಬಂದ ಮೇಲೆ ಹಳೆಯ ಚೂರು ಪೂರ್ತಿ ತೆಗೆದು ತೂತು ಒರೆಸಿ. ಸ್ಟಾಪರ್‌ನ ಬಾಲಕ್ಕೆ ಸ್ವಲ್ಪ ಸೋಪಿನ ನೀರು ಸವರಿ ತೂರಿಸಿ, ಆ ಕಡೆಯಿಂದ ನೋಸ್ ಪ್ಲೈಯರ್‌ನಲ್ಲಿ ಎಳೆದರೆ ಟಪ್ ಅಂತ ಕೂರುತ್ತದೆ. ಆಮೇಲೆ ಪೆಡಲ್ ಪೂರ್ತಿ ಮೇಲೆ ಬಂದಾಗ ಕಡ್ಡಿ ಚೆನ್ನಾಗಿ ಒಳಗೆ ಹೋಗಿದೆಯಾ ನೋಡಿ.

ಹೋಗದಿದ್ದರೆ ಸ್ವಿಚ್ ಸ್ವಲ್ಪ ಮುಂದೆ ತರಬೇಕಾಗುತ್ತದೆ. ಇಲ್ಲಿ ಅವಸರ ಬೇಡ. ಸ್ವಿಚ್ ಜಾಸ್ತಿ ಮುಂದೆ ತಂದರೆ ಅದೇ ಪೆಡಲನ್ನು ಕೆಳಕ್ಕೆ ಒತ್ತಿ ಹಿಡಿದಂತಾಗುತ್ತದೆ. ಆಗ ಕ್ಲಚ್‌ನ ಫ್ರೀ ಪ್ಲೇ (ಪೆಡಲ್‌ನ ಆರಂಭದ ಸಡಿಲ) ಹೋಗುತ್ತದೆ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಉಜ್ಜುತ್ತಿರುತ್ತದೆ, ಪ್ಲೇಟ್ ಜಾರಲು ಶುರುವಾಗುತ್ತದೆ. ಪೆಡಲ್ ತುದಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ, ಗಟ್ಟಿಯಾಗುವ ಮೊದಲು ಸ್ವಲ್ಪ ಸಡಿಲ ಸಿಗಬೇಕು. ಅದು ಮೊದಲು ಎಷ್ಟಿತ್ತೋ ಅಷ್ಟೇ ಇರಲಿ.

ಉತ್ತರದಾರಿ (ಬೆಳಗಾವಿ)

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಎಎಂಟಿ ಕಾರು, ಕ್ಲಚ್, ಗೇರ್ ಎರಡನ್ನೂ ಯಂತ್ರವೇ ನೋಡಿಕೊಳ್ಳುವಂಥದ್ದು. ಕೆಲವು ಸಲ ಸ್ಟಾರ್ಟ್ ಮಾಡಿ ಡಿ (ಡ್ರೈವ್) ಹಾಕಿದರೆ ಎನ್ (ನ್ಯೂಟ್ರಲ್) ಅಕ್ಷರ ಮಿನುಗುತ್ತದೆ, ಗಾಡಿ ಹೊರಡುವುದಿಲ್ಲ. ಇದಕ್ಕೂ ಇದೇ ಕಾರಣವಾ?

ತಾಮ್ರದತಂತಿ

ಅಲ್ಲ, ನಿಮ್ಮದು ಬೇರೆ ದಾರಿ. ಎಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಗೇರ್ ಹಾಕುವ ಯಂತ್ರಕ್ಕೆ ಸೆನ್ಸರ್ ಇರುತ್ತದೆ, ನೀವು ಕೇಳಿದ ಗೇರ್ ಬಿದ್ದಿಲ್ಲ ಅಂತ ಮಿನುಗಿ ಹೇಳುತ್ತಿದೆ. ಮೊದಲು ಬ್ರೇಕ್ ಒತ್ತಿ ಹಿಂದಿನ ಲೈಟ್ ಪ್ರತಿ ಸಲವೂ ಹತ್ತುತ್ತದಾ ನೋಡಿ, ಬ್ರೇಕ್ ಸಿಗ್ನಲ್ ಬರದಿದ್ದರೆ ಡಿ ಬೀಳುವುದಿಲ್ಲ. ಆಮೇಲೆ ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಎರಡೂ ಸರಿ ಇದ್ದರೆ ಎಎಂಟಿ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಬೇರೆ ಪ್ರಶ್ನೆಯಾಗಿ ವಿವರ ಬರೆಯಿರಿ, ಅಲ್ಲಿ ನೋಡೋಣ.

ಕಾಫಿತೋಟ

ಸ್ಟಾಪರ್ ಬಂತು, ಹಾಕಿಯಾಯಿತು. ಸ್ವಿಚ್ ಮುಟ್ಟಬೇಕಾಗಲಿಲ್ಲ. ಅಂಕಿ, ಬಾಣ ಎರಡೂ ಸರಿಯಾಗಿ ಬರುತ್ತಿವೆ. ಸಕಲೇಶಪುರದ ಪೇಟೆ ಟ್ರಾಫಿಕ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವುದೂ ಶುರುವಾಗಿದೆ. ಮೀಟರ್ ಬೋರ್ಡ್ ಬದಲಿಸಿದ್ದರೂ ಇದು ಹಾಗೇ ಇರುತ್ತಿತ್ತು. ತುಂಬು ಹೃದಯದ ಧನ್ಯವಾದ ಸರ್.

ತಾಮ್ರದತಂತಿ

ಬಹಳ ಸಂತೋಷ. ಬ್ರೇಕ್ ಪೆಡಲ್‌ಗೂ ಇಂಥದ್ದೇ ಸ್ಟಾಪರ್ ಇದೆಯಾ ನೋಡಿ. ಇದ್ದರೆ ಅದಕ್ಕೂ ಇಷ್ಟೇ ವಯಸ್ಸಾಗಿರುತ್ತದೆ, ಈಗಲೇ ಬದಲಿಸಿಬಿಡಿ. ಅದು ಒಡೆದರೆ ಹಿಂದಿನ ಬ್ರೇಕ್ ಲೈಟ್ ಹತ್ತಿದ್ದು ಆರುವುದೇ ಇಲ್ಲ. ರಾತ್ರಿ ಘಾಟಿಯಲ್ಲಿ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಹಿಂದಿನ ಲಾರಿಯವರಿಗೆ ಗೊತ್ತಾಗುವುದಿಲ್ಲ, ನಿಲ್ಲಿಸಿದ ಗಾಡಿಯ ಬ್ಯಾಟರಿಯೂ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ.