ಮೊದಲ ಟ್ಯಾಟೂಗೆ ಮುಂಚೆ: ಮೆಷಿನ್, ಸೂಜಿ, ಇಂಕ್‌ನಲ್ಲಿ ಏನೇನು ನೋಡ್ಕೋಬೇಕು?

ಹೊಸಗೆರೆ:
ಮುಂಗೈ ಒಳಬದಿಗೆ ತೆಳು ಗೆರೆಯ ಎಲೆ, ಸ್ವಲ್ಪ ಬೂದು ಶೇಡಿಂಗ್, ಒಂದು ಕೆಂಪು ಹೂವು ಹಾಕಿಸಬೇಕು. ಕಾಯಿಲ್ ಮೆಷಿನ್ ಒಳ್ಳೇದು ಅಂತ ಕೆಲವರು, ರೋಟರಿ ಪೆನ್ನೇ ಸರಿ ಅಂತ ಕೆಲವರು. ಸೂಜಿ ಪ್ಯಾಕೆಟ್ ಮೇಲಿರೋ 1207ಆರ್‌ಎಲ್ ಅಂದ್ರೆ ಏನು? ಕುರ್ಚಿ ಮೇಲೆ ಕೂರೋ ಮುಂಚೆ ಯಾವುದನ್ನ ಕಣ್ಣಾರೆ ನೋಡಿಕೊಳ್ಳಬೇಕು?

ಸೂಜಿಮೊನೆ:
ಮೆಷಿನ್ ಯಾವುದು ಅನ್ನೋದು ಹಾಕೋರ ತಲೆನೋವು, ನಿಮ್ಮದಲ್ಲ. ಕಾಯಿಲ್‌ನಲ್ಲಿ ಎರಡು ವಿದ್ಯುತ್ಕಾಂತ ಸುರುಳಿಗಳು ಒಂದು ಕಬ್ಬಿಣದ ಪಟ್ಟಿಯನ್ನ ಕೆಳಗೆ ಎಳೀತವೆ, ಸ್ಪ್ರಿಂಗ್ ಅದನ್ನ ವಾಪಸ್ ಎತ್ತುತ್ತೆ. ಆ ಗುಂಯ್ ಸದ್ದು ಅದರದ್ದೇ. ರೋಟರಿಯಲ್ಲಿ ಸಣ್ಣ ಮೋಟಾರ್ ತಿರುಗಿ ಸೂಜಿಯನ್ನ ಮೇಲೆ ಕೆಳಗೆ ಆಡಿಸುತ್ತೆ. ಸದ್ದು ಕಮ್ಮಿ, ತೂಕ ಕಮ್ಮಿ. ಪಳಗಿದ ಕೈಯಲ್ಲಿ ಎರಡರಿಂದಲೂ ನೀಟಾದ ಗೆರೆ ಬರುತ್ತೆ.

ಇನ್ನು 1207ಆರ್‌ಎಲ್. 12 ಅನ್ನೋದು ಒಂದೊಂದು ಸೂಜಿಯ ದಪ್ಪ, ಅಂದ್ರೆ 0.35 ಮಿ.ಮೀ. (10 ಇದ್ರೆ 0.30, 08 ಇದ್ರೆ 0.25). 07 ಅಂದ್ರೆ ಏಳು ಸೂಜಿ ಒಟ್ಟಿಗೆ ಇವೆ ಅಂತ. ಆರ್‌ಎಲ್ ಅಂದ್ರೆ ರೌಂಡ್ ಲೈನರ್: ಒತ್ತಾಗಿ ಗುಂಡಗೆ ಕೂಡಿಸಿದ್ದು, ಗೆರೆ ಎಳೆಯೋಕೆ. ಆರ್‌ಎಸ್ (ರೌಂಡ್ ಶೇಡರ್) ಅದಕ್ಕಿಂತ ಸಡಿಲ, ಶೇಡಿಂಗ್‌ಗೆ. ಎರಡು ಸಾಲಲ್ಲಿ ಜೋಡಿಸಿದ್ದು ಮ್ಯಾಗ್ನಮ್, ಅಗಲದ ಜಾಗ ತುಂಬೋಕೆ. ನಿಮ್ಮ ಎಲೆಗೆ ಸಾಮಾನ್ಯವಾಗಿ 3 ಅಥವಾ 5 ಸೂಜಿಯ ಲೈನರ್ ಸಾಕು. ಒಂದು ಮಾತು: ಗೆರೆ ವರ್ಷ ಕಳೆದಂತೆ ಹರಡುತ್ತೆ. ಎಲೆಯ ನರಗಳನ್ನ ತೀರಾ ಹತ್ತಿರ ಹತ್ತಿರ ಬಿಡಿಸಿದ್ರೆ ಮುಂದೆ ಒಂದಕ್ಕೊಂದು ಕೂಡಿಕೊಂಡು ಕಪ್ಪು ಮಚ್ಚೆ ಆಗುತ್ತೆ.

ನಿಜವಾಗಿ ಕೆಡೋದು ಆಳದಲ್ಲಿ. ಇಂಕ್ ನಿಲ್ಲಬೇಕಾದ್ದು ಚರ್ಮದ ಎರಡನೇ ಪದರದಲ್ಲಿ, ಸುಮಾರು 1ರಿಂದ 2 ಮಿ.ಮೀ. ಒಳಗೆ. ಅದಕ್ಕಿಂತ ಮೇಲಿದ್ರೆ ಸಿಪ್ಪೆ ಏಳುವಾಗ ಬಣ್ಣವೂ ಉದುರುತ್ತೆ. ಕೆಳಗೆ ಕೊಬ್ಬಿನ ಪದರಕ್ಕೆ ಹೋದ್ರೆ ಗೆರೆ ಸುತ್ತ ನೀಲಿ ಮಂಜಿನ ಹಾಗೆ ಹರಡುತ್ತೆ, ಅದೇ ಬ್ಲೋಔಟ್. ಮುಂಗೈ ಒಳಬದಿ, ಅದರಲ್ಲೂ ಮಣಿಕಟ್ಟಿನ ಹತ್ತಿರ, ಚರ್ಮ ತೆಳು. ಅಪಾಯ ಅಲ್ಲಿ ಜಾಸ್ತಿ. ಹಾಗಾಗಿ ಹೊಸದಾಗಿ ಹಾಕಿದ ಫೋಟೋ ನೋಡಿ ಮರುಳಾಗಬೇಡಿ, ವರ್ಷ ದಾಟಿದ ಕೆಲಸದ ಫೋಟೋ ಕೇಳಿ.

ಬಿಳಿಗ್ಲೌಸ್:
ಕಣ್ಣಾರೆ ನೋಡಬೇಕಾದ್ದು ಹೇಳ್ತೀನಿ. ಸೂಜಿ ಅಥವಾ ಕಾರ್ಟ್ರಿಜ್ (ಸೂಜಿ ಒಳಗೇ ಕೂಡಿಸಿರೋ, ಮೆಷಿನ್ ತುದಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ) ನಿಮ್ಮೆದುರಿಗೇ ಸೀಲ್ ಒಡೆದು ತೆಗೀಬೇಕು. ಪ್ಯಾಕ್ ಮೇಲೆ ಲಾಟ್ ನಂಬರ್, ಮುಗಿಯೋ ದಿನಾಂಕ, ಎಥಿಲೀನ್ ಆಕ್ಸೈಡ್ ಅನಿಲದಿಂದ ಸ್ಟೆರೈಲ್ (ಕ್ರಿಮಿಮುಕ್ತ) ಮಾಡಿದ ಗುರುತು ಇರಬೇಕು. ಕಾಗದ ಒದ್ದೆಯಾಗಿದ್ರೆ, ಅಂಚು ಬಿಟ್ಟಿದ್ರೆ ಅದು ಸ್ಟೆರೈಲ್ ಅಲ್ಲ. ಕಾರ್ಟ್ರಿಜ್ ಆದ್ರೆ ಒಳಗೆ ರಬ್ಬರ್ ಪೊರೆ ಇದೆಯಾ ಕೇಳಿ. ಪೊರೆ ಇಲ್ಲದಿದ್ರೆ ಇಂಕು, ರಕ್ತ ಹಿಂದಕ್ಕೆ ಹರಿದು ಪೆನ್ ಒಳಗೆ ಸೇರುತ್ತೆ, ಅಲ್ಲಿ ಯಾರೂ ತೊಳೆಯೋಕಾಗಲ್ಲ. ಮುಂದಿನ ಗಿರಾಕಿಗೆ ಹೊಸ ಸೂಜಿ ಹಾಕಿದ್ರೂ ಪ್ರಯೋಜನ ಇಲ್ಲ.

ಮೆಷಿನ್, ವೈರ್, ಲೈಟಿನ ಹಿಡಿ, ಸ್ಪ್ರೇ ಬಾಟಲ್ ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಕೆ ಇರಬೇಕು. ಗ್ಲೌಸ್ ಹಾಕ್ಕೊಂಡೇ ಫೋನ್ ಮುಟ್ಟಿ ಮತ್ತೆ ನಿಮ್ಮ ಕೈ ಹಿಡಿದ್ರೆ ನಿಲ್ಲಿಸಿ, ಬದಲಾಯಿಸಿ ಅನ್ನಿ, ಸಂಕೋಚ ಬೇಡ. ವ್ಯಾಸಲೀನನ್ನ ಡಬ್ಬಿಯಿಂದ ಕಡ್ಡಿಯಲ್ಲಿ ತೆಗೀಬೇಕು, ಬೆರಳಲ್ಲಲ್ಲ.

ಹೊಸಗೆರೆ:
ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಇದೆಯಾ ಅಂತಲೂ ಕೇಳಬೇಕಾ?

ಬಿಳಿಗ್ಲೌಸ್:
ಎಲ್ಲಾ ಒಮ್ಮೆ ಬಳಸಿ ಬಿಸಾಡೋ ಸಾಮಾನೇ ಆದ್ರೆ ಅದು ಇಲ್ಲದೆಯೂ ನಡೆಯುತ್ತೆ. ಸ್ಟೀಲ್ ಗ್ರಿಪ್ (ಮೆಷಿನ್‌ನ ಹಿಡಿ) ಮತ್ತೆ ಮತ್ತೆ ಬಳಸ್ತಾರೆ ಅಂದ್ರೆ ಬೇಕೇ ಬೇಕು. ಮೊದಲು ತೊಳೆದು, ಆಮೇಲೆ 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ. ಪೊಟ್ಟಣದಲ್ಲಿಟ್ಟಿದ್ರೆ ಇನ್ನೂ ಹೆಚ್ಚು ಹೊತ್ತು. ಪೊಟ್ಟಣದ ಮೇಲಿನ ಬಣ್ಣ ಬದಲಾಗೋ ಗುರುತು ಬಿಸಿ ತಗುಲಿದೆ ಅಂತ ಮಾತ್ರ ಹೇಳುತ್ತೆ, ಕ್ರಿಮಿ ಸತ್ತಿದೆ ಅಂತಲ್ಲ. ಅದಕ್ಕೆ ಸ್ಪೋರ್ ಪರೀಕ್ಷೆ ಅಂತ ಬೇರೆ ಇದೆ, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಗಳನ್ನ ಒಳಗಿಟ್ಟು ಸತ್ತವಾ ಅಂತ ನೋಡೋದು. ಅದರ ದಾಖಲೆ ಕೇಳಿ. ಕುದಿಯೋ ನೀರು, ಸ್ಪಿರಿಟ್, ನೇಲ್ ಪಾರ್ಲರ್‌ನಲ್ಲಿರೋ ನೀಲಿ ಬೆಳಕಿನ ಪೆಟ್ಟಿಗೆ, ಇವ್ಯಾವೂ ಇದಕ್ಕೆ ಬದಲಿ ಅಲ್ಲ.

ಬೂದುಬಣ್ಣ:
ಇಂಕ್ ಬಗ್ಗೆ ಯಾರೂ ಹೇಳಲಿಲ್ಲ. ಸೂಜಿಯನ್ನ ನೇರವಾಗಿ ಬಾಟಲಿಗೆ ಅದ್ದಬಾರದು, ಹೊಸ ಪುಟ್ಟ ಕಪ್‌ಗೆ ಹನಿಸಿಕೊಂಡು, ಉಳಿದದ್ದನ್ನ ಚೆಲ್ಲಬೇಕು. ಬೂದು ಶೇಡಿಂಗ್‌ಗೆ ಕಪ್ಪು ಇಂಕನ್ನ ತೆಳು ಮಾಡೋದು ಯಾವ ನೀರಲ್ಲಿ ಅಂತ ಗಮನಿಸಿ. ನಲ್ಲಿ ನೀರು, ಫಿಲ್ಟರ್ ನೀರು, ಡಿಸ್ಟಿಲ್ಡ್ ವಾಟರ್ ಕೂಡ ಸ್ಟೆರೈಲ್ ಅಲ್ಲ. ನೀರಿನಲ್ಲಿರೋ ಮೈಕೋಬ್ಯಾಕ್ಟೀರಿಯಾ ಅನ್ನೋ ಕ್ರಿಮಿ ಸೇರಿದ್ರೆ, ಸರಿಯಾಗಿ ಬೂದು ಇರೋ ಕಡೆಯೇ ಕೆಲವು ವಾರಗಳಲ್ಲಿ ಕೆಂಪು ಗುಳ್ಳೆ ಏಳುತ್ತೆ, ಮಾಮೂಲಿ ಆಂಟಿಬಯಾಟಿಕ್‌ಗೆ ಜಗ್ಗಲ್ಲ. ಸೀಲ್ ಇರೋ ಸ್ಟೆರೈಲ್ ನೀರೇ ಬೇಕು.

2022ರ ಜನವರಿಯಿಂದ ಯುರೋಪ್ ಒಕ್ಕೂಟ ಟ್ಯಾಟೂ ಇಂಕಿನಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಆ ನಿಯಮ ಪಾಲಿಸ್ತೀವಿ ಅಂತ ಲೇಬಲ್ ಮೇಲೆ ಇದ್ರೆ, ಘಟಕಗಳ ಪಟ್ಟಿ, ಬ್ಯಾಚ್ ನಂಬರ್ ಇದ್ರೆ ಒಳ್ಳೇದು. ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ತೊಂದರೆ ಆದ್ರೆ ಚರ್ಮದ ಡಾಕ್ಟರ್ ಮೊದಲು ಕೇಳೋದು ಅದನ್ನೇ.

ಆ ಕೆಂಪು ಹೂವಿನ ಬಗ್ಗೆ ಇನ್ನೊಮ್ಮೆ ಯೋಚಿಸಿ. ಅಲರ್ಜಿ ಹೆಚ್ಚಾಗಿ ಕಾಣೋದು ಕೆಂಪು ಬಣ್ಣದಲ್ಲೇ. ಮೊದಲೇ ಒಂದು ಚುಕ್ಕೆ ಹಾಕಿಸಿ ನೋಡ್ತೀನಿ ಅಂದ್ರೂ ಪೂರ್ತಿ ನಂಬೋಕಾಗಲ್ಲ, ತಿಂಗಳುಗಳಾದ ಮೇಲೂ ಕೆರೆತ, ಉಬ್ಬು ಶುರುವಾಗಬಹುದು.