ಅಪ್‌ಡೇಟ್: ಬಾಗಲಕೋಟೆಯಲ್ಲೇ ಇದ್ದೇನೆ, ಕೆಲಸದ ಬಗೆ ಬದಲಾಗಿದೆ

ಸಣ್ಣ ಡಿಸೈನ್ ಸ್ಟುಡಿಯೊದಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್‌ಗಳಲ್ಲೇ ಕಳೆದುಹೋಗುತ್ತಿದ್ದೇನೆ, ಬೆಂಗಳೂರಿಗೆ ಹೋಗದೆ ಬೆಳೆಯಬಹುದೇ ಎಂದು ಕೇಳಿದ್ದೆ. ಕಂಪ್ಯೂಟರ್ ಮುಟ್ಟುವ ಮೊದಲು ದಿನಾ ಕೈಯಿಂದ ಏನಾದರೂ ಬಿಡಿಸಿ ಎಂದು ಹಲವರು ಹೇಳಿದ್ದಿರಿ. ಹಾಗೇ ಮಾಡುತ್ತಿದ್ದೇನೆ.

ಮೊದಲು ಹಿಡಿದದ್ದು ಅವ್ವನ ಇಳಕಲ್ ಸೀರೆಯನ್ನು. ಸೆರಗಿನ ಕೆಂಪಿನ ಮೇಲೆ ಬಿಳಿಯ ಹಣಿಗೆ, ಕೋಟೆಯ ಹಲ್ಲು, ಜೋಳದ ತೆನೆ. ಚೌಕುಳಿ ಹಾಳೆಗೆ ಇಳಿಸುವಾಗ ಗೊತ್ತಾಯಿತು, ಬಿಳಿಯಷ್ಟೇ ಕೆಲಸವನ್ನು ನಡುವೆ ಬಿಟ್ಟ ಕೆಂಪೂ ಮಾಡುತ್ತದೆ. ಆಮೇಲೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದ್ದು. ಆ ಬಂಡೆಯ ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ತಿದ್ದಿದ ಮೇಲೆ, ಒತ್ತಕ್ಷರ ಬಂದಲ್ಲಿ ಸಾಲಿನ ಅಂತರವನ್ನು ಸಾಫ್ಟ್‌ವೇರಿನ ಪಾಲಿಗೆ ಬಿಡುವುದನ್ನು ನಿಲ್ಲಿಸಿದೆ. (ಪೇಟೆಯ ಅರ್ಧ ಬೋರ್ಡುಗಳಲ್ಲಿ ಒತ್ತುಗಳು ಕೆಳಗಿನ ಸಾಲನ್ನು ತುಳಿಯುತ್ತಲೇ ಇವೆ.)

ಫಲ? ಖಡಕ್ ರೊಟ್ಟಿ ಮಾಡುವ ಮಹಿಳಾ ಸಂಘದ ಪೊಟ್ಟಣಕ್ಕೆ ಆ ತೆನೆಯ ಸಾಲನ್ನೇ ಬಳಸಿದೆ. ಎರಡೇ ಬಣ್ಣ, ಮುದ್ರಣದ ಖರ್ಚೂ ಇಳಿಯಿತು. "ಇನ್ನು ಪ್ಯಾಕಿಂಗ್ ಕೆಲಸವೆಲ್ಲ ನೀನೇ ನೋಡಿಕೋ ತಂಗಿ" ಎಂದರು ಸ್ಟುಡಿಯೊ ಮಾಲೀಕರು. ಸಂಬಳದ ಮಾತು ಮಾತ್ರ ದೀಪಾವಳಿಯ ಆಚೆಗೆ ಹೋಗಿದೆ. ಲಗ್ನಪತ್ರಿಕೆಯೂ ಬಿಟ್ಟಿಲ್ಲ, ಸ್ಟುಡಿಯೊದ ಬಾಡಿಗೆ ಕಟ್ಟುವುದು ಅದೇ. ಬೆಂಗಳೂರಿನ ಅರ್ಜಿಯನ್ನು ಸದ್ಯಕ್ಕೆ ಕಳಿಸುತ್ತಿಲ್ಲ.